ಜಾಜ್: ನೋವಿನ ಕಲೆಯೋ, ವಿದ್ಯೆಯೋ?

ದಲಿತ ಸಾಹಿತ್ಯದ ಬಗ್ಗೆ ಬರೆಯುವಾಗ ನಮ್ಮ ವಿಮರ್ಶಕರಿಗೆ ಎರಡು ಪದ ಸಾಕಾಗಿಬಿಡುತ್ತವೆ. ಒಂದು ನೋವು, ಇನ್ನೊಂದು ಆಕ್ರೋಶ. ಅಮೆರಿಕದ ಕಪ್ಪು ಜನ ಕಟ್ಟಿದ ಜಾಜ್ ಸಂಗೀತದ ಬಗ್ಗೆ ಬರೆದವರಲ್ಲೂ ಬಹಳ ಮಂದಿ ಇಷ್ಟಕ್ಕೇ ನಿಂತಿದ್ದಾರೆ. ಮೇಲ್ನೋಟಕ್ಕೆ ಇದು ಮೆಚ್ಚುಗೆಯೇ. ಒಳಗೆ ಮಾತ್ರ ಹಳೇ ಪಾಲುಪಟ್ಟಿ ಹಾಗೇ ಇದೆ: ವಿದ್ಯೆ ಅವರದು, ನೋವು ನಿಮ್ಮದು. ನೋವುಂಡವನಿಗೆ ಕಲೆ ತಾನಾಗೇ ಬಂದುಬಿಡುತ್ತೆ, ಅವನು ಕಲಿಯೋದಕ್ಕೆ, ಯೋಚಿಸೋದಕ್ಕೆ ಏನಿದೆ ಅನ್ನೋ ಧೋರಣೆ ಇದು. ಜಾಜ್‌ನ ಕೆಲವು ಹೆಸರಾಂತ ರೆಕಾರ್ಡುಗಳನ್ನು ಮುಂದಿಟ್ಟುಕೊಂಡು ಈ ಧೋರಣೆಯನ್ನು ಪರೀಕ್ಷೆ ಮಾಡಬಹುದು ಅನ್ನಿಸಿದೆ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರನ್ನೇ ತಗೊಂಡರು. ಅಲ್ಲಿನ ರಾಜಕಾರಣ ನಮ್ಮ ಕೇರಿಯವರೆಗೆ ಬಂತು. ಅಲ್ಲಿನ ಸಂಗೀತ ಪೇಟೆಯವರ ಕ್ಲಬ್ಬುಗಳಲ್ಲೇ ಉಳಿಯಿತು.

ಜಾಜ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್‌ನಲ್ಲಿ, ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ. ಅಲ್ಲಿ ಹೆಣದ ಜೊತೆ ಬ್ಯಾಂಡು ಹೋಗುತ್ತಿತ್ತು. ಹೋಗುವಾಗ ನಿಧಾನದ ನಡೆ, ಮಣ್ಣು ಮಾಡಿ ಬರುವಾಗ ಕುಣಿಸುವ ನಡೆ. ಸಾವಿಗೆ ತಮಟೆ ಬಡಿಯುವುದನ್ನು ಕಂಡ ಮಿರ್ಲೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಅದು ಕೇರಿಯ ಮೇಲೆ ಹೇರಿದ ಚಾಕರಿ. ಅದಕ್ಕೇ ಚಳವಳಿ ಬಂದಮೇಲೆ ಎಷ್ಟೋ ಕಡೆ 'ಇನ್ನು ಬಡಿಯೋದಿಲ್ಲ' ಅಂದರು. ಹಾಗಂದದ್ದು ಸರಿಯೇ. ಅದರ ಜೊತೆಗೆ ಒಂದು ವಿದ್ಯೆಯೂ ಗೋಡೆಯ ಮೊಳೆ ಸೇರಿತು ಎಂಬುದನ್ನು ಮಾತ್ರ ನಾವು ಹೆಚ್ಚು ಚರ್ಚಿಸಲಿಲ್ಲ.

ಮೊದಲ ಜಾಜ್ ರೆಕಾರ್ಡ್ ಬಂದದ್ದು 1917ರಲ್ಲಿ. ನುಡಿಸಿದ ಐದೂ ಜನ ಬಿಳಿಯರು! ಕಿಂಗ್ ಆಲಿವರ್‌ನ ಕಪ್ಪು ತಂಡಕ್ಕೆ ಅವಕಾಶ ಸಿಕ್ಕಿದ್ದು 1923ರಲ್ಲಿ, ಇಂಡಿಯಾನಾ ರಾಜ್ಯದ ರಿಚ್ಮಂಡ್‌ನ ಜೆನೆಟ್ ಕಂಪನಿಯಲ್ಲಿ. ಕಪ್ಪು ಜನರ ಮೇಲೆ ಹಲ್ಲೆ ನಡೆಸುತ್ತಿದ್ದ ಕು ಕ್ಲಕ್ಸ್ ಕ್ಲಾನಿನ ಹಾಡುಗಳನ್ನೂ ಅದೇ ಕಂಪನಿ ದುಡ್ಡು ತಗೊಂಡು ಅಚ್ಚು ಹಾಕಿಕೊಡುತ್ತಿತ್ತು. (ಲಾಭಕ್ಕೆ ಮಡಿಮೈಲಿಗೆ ಇಲ್ಲ ನೋಡಿ.)

ಆ ತಂಡದಲ್ಲಿ ಎರಡನೇ ಕಾರ್ನೆಟ್ ಊದುತ್ತಿದ್ದವನು ಲೂಯಿ ಆರ್ಮ್‌ಸ್ಟ್ರಾಂಗ್. ಕಡುಬಡವರ ಮನೆಯ ಹುಡುಗ, ಕಪ್ಪು ಹುಡುಗರ ಸುಧಾರಣಾ ಶಾಲೆಯ ಬ್ಯಾಂಡಿನಲ್ಲಿ ಪಾಠ ಆದವನು. 1928ರ ಜೂನ್ 28ರಂದು ಷಿಕಾಗೋದಲ್ಲಿ ಆತ 'ವೆಸ್ಟ್ ಎಂಡ್ ಬ್ಲೂಸ್' ನುಡಿಸಿದ. ಆಗ ವಯಸ್ಸು 26, ನನಗಿಂತ ಚಿಕ್ಕವನು. ಮೊದಲ ಹನ್ನೆರಡು ಸೆಕೆಂಡಿನಷ್ಟು ಹೊತ್ತು ಟ್ರಂಪೆಟ್ ಒಂದೇ, ಪಕ್ಕವಾದ್ಯ ಇಲ್ಲ. ನಾಲ್ಕು ಸ್ವರ ಗಟ್ಟಿಯಾಗಿ ಊರಿ, ಸರ್ರನೆ ಮೇಲೆ ಹತ್ತಿ, ಅಲ್ಲಿಂದ ಸುತ್ತಿ ಸುತ್ತಿ ಇಳಿಯುತ್ತಾನೆ. ಕೊನೆಯ ಸುತ್ತಿನಲ್ಲಿ ಮೇಲಿನ ಒಂದೇ ಸ್ವರವನ್ನು ಹಿಡಿದು ಬಿಡದೆ ನಿಲ್ಲುತ್ತಾನೆ. ಹಾಡು ಗುರು ಆಲಿವರ್‌ನದು. ಕೇಳಿದರೆ ಶಿಷ್ಯನದೇ ಅನ್ನಿಸುತ್ತದೆ. ಎಲ್ಲರಿಗೂ ಗೊತ್ತಿರುವ ಹಾಡನ್ನು ನಿಂತ ನಿಲುವಿನಲ್ಲೇ ಹೊಸದಾಗಿ ಕಟ್ಟುವುದು, ಜಾಜ್ ಅಂದರೆ ಮುಖ್ಯವಾಗಿ ಇಷ್ಟು. ಇದರಲ್ಲಿ ಅಳು ಎಲ್ಲಿದೆ ಸ್ವಾಮಿ?

ಅಳು ಇರಲೇಬೇಕಾದ ಕಡೆಯೂ ನೋಡೋಣ. ಮರಕ್ಕೆ ನೇತುಹಾಕಿ ಕೊಂದ ಕಪ್ಪು ಜನರ ಬಗೆಗಿನ 'ಸ್ಟ್ರೇಂಜ್ ಫ್ರೂಟ್' ಹಾಡನ್ನು ಬಿಲಿ ಹಾಲಿಡೇ 1939ರ ಏಪ್ರಿಲ್‌ನಲ್ಲಿ ಹಾಡಿದಳು. ಬರೆದವನು ಏಬಲ್ ಮೀರೊಪೋಲ್ ಎಂಬ ಯಹೂದಿ ಮೇಷ್ಟ್ರು. ಆಕೆಯ ಕಂಪನಿ ಕೊಲಂಬಿಯಾ ಒಲ್ಲೆ ಎಂದಿತು, ಕಮೊಡೋರ್ ಎಂಬ ಸಣ್ಣ ಕಂಪನಿ ಹೊರತಂದಿತು. ಬಿಲಿ ಇಲ್ಲಿ ಅಳುವುದಿಲ್ಲ, ಕೂಗುವುದಿಲ್ಲ. ಪದವನ್ನು ತಾಳಕ್ಕಿಂತ ಕೊಂಚ ತಡೆದು, ಸಾಕ್ಷಿ ಹೇಳುವವಳ ಹಾಗೆ ಒಂದೊಂದಾಗಿ ಕೆಳಗಿಡುತ್ತಾಳೆ. ಅಳುವ ಕೆಲಸ ಕೇಳುವವನ ಪಾಲಿಗೆ ಬರುತ್ತದೆ. ಇದು ಲೆಕ್ಕಾಚಾರ, ಬುದ್ಧಿಯ ಕೆಲಸ.

ಆಕ್ರೋಶಕ್ಕೆ ಬನ್ನಿ. ಡ್ರಮ್ ವಾದಕ ಮ್ಯಾಕ್ಸ್ ರೋಚ್ 1960ರಲ್ಲಿ 'ವಿ ಇನ್ಸಿಸ್ಟ್!' ಮಾಡಿದ. ಮುಖಪುಟದ ಚಿತ್ರದಲ್ಲಿ ಹೋಟೆಲಿನ ಕಟ್ಟೆಯೆದುರು ಕೂತು ಕ್ಯಾಮೆರಾ ಕಡೆ ತಿರುಗಿ ನೋಡುವ ಕಪ್ಪು ಜನ, ಒಳಗಡೆ ಬಿಳಿಯ ಮಾಣಿ. ಪ್ರತ್ಯೇಕ ಲೋಟದ ಹೋಟೆಲು ಕಂಡ ನಮಗೆ ಈ ಚಿತ್ರಕ್ಕೆ ಅಡಿಬರಹ ಬೇಕಿಲ್ಲ. ಒಂದು ಭಾಗದಲ್ಲಿ ಆಬಿ ಲಿಂಕನ್ ಮಾತಿಲ್ಲದೆ, ರೋಚ್‌ನ ಡ್ರಮ್ ಒಂದರ ಜೊತೆ, ಪ್ರಾರ್ಥನೆಯಿಂದ ಶುರುಮಾಡಿ ಚೀರಾಟಕ್ಕೆ ಏರಿ, ಮತ್ತೆ ಶಾಂತಿಗೆ ಇಳಿಯುತ್ತಾಳೆ. ಆ ಚೀರಾಟ ಮೈ ನಡುಗಿಸುತ್ತದೆ. ಆದರೆ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನೋದು ಅವರಿಬ್ಬರಿಗೂ ಚೆನ್ನಾಗಿ ಗೊತ್ತು.

ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' (1959) ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ರಾಗದ ಹಾಗೆ ಒಂದು ಸ್ವರಶ್ರೇಣಿ ಹಿಡಿದು ನಿಧಾನ ಬೆಳೆಸುವ ಕ್ರಮ ಅದರದ್ದು, ನಮ್ಮ ಕಿವಿಗೆ ಬೇಗ ಒಗ್ಗುತ್ತದೆ. ಅದು ಹೊರಬಂದ ತಿಂಗಳೇ, ತಾನು ನುಡಿಸುತ್ತಿದ್ದ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ ನಿಂತಿದ್ದ ಮೈಲ್ಸ್‌ನ ತಲೆಗೆ ಪೊಲೀಸರು ಹೊಡೆದು ರಕ್ತ ಸುರಿಸಿದರು. ವಿದ್ಯೆ ಬಂದಮೇಲೂ ಜಾತಿ ಹೋಗೋಲ್ಲ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ನಮ್ಮ ನಾಡಿಗೆ ಬರೋಣ. ಸ್ಯಾಕ್ಸೋಫೋನಿಗೆ ಇಲ್ಲಿ ಮರ್ಯಾದೆ ತಂದವರು ಕದ್ರಿ ಗೋಪಾಲನಾಥ್ (1949–2019), ನಾಗಸ್ವರದವರ ಮನೆಯ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ವರ್ಷಗಟ್ಟಲೆ ದುಡಿದು ಅದರಲ್ಲಿ ಗಮಕ ಹೊರಡಿಸಿದರು. ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ಮಾಡಿದ 'ಕಿನ್ಸ್‌ಮೆನ್' (2008) ಕೇಳಬೇಕಾದ್ದು. ಅವರ ಸಾಧನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೃತಿ ನುಡಿಸಿದ ಮೇಲಷ್ಟೇ ಸಭೆಗಳು ಆ ವಾದ್ಯವನ್ನು ಒಳಗೆ ಬಿಟ್ಟುಕೊಂಡವು ಎಂಬುದನ್ನು ಗಮನಿಸಬೇಕು. ನಮ್ಮ ಕಡೆ ಮದುವೆ ಮೆರವಣಿಗೆ ನಿಂತಲ್ಲಿ ಸಿನಿಮಾ ಹಾಡನ್ನೇ ಅರ್ಧ ಗಂಟೆ ಹಿಗ್ಗಿಸಿ ಹುಡುಗರನ್ನು ಕುಣಿಸುವವನು ಇವತ್ತಿಗೂ 'ಬ್ಯಾಂಡ್‌ಸೆಟ್‌ನೋನು'. ವಿದ್ವಾನ್ ಅಲ್ಲ.

ಅಂಥ ಒಬ್ಬ ಹಿರಿಯರಿಗೆ 'ವೆಸ್ಟ್ ಎಂಡ್ ಬ್ಲೂಸ್' ಕೇಳಿಸಿದೆ. ಇದೇ ರೆಕಾರ್ಡನ್ನು ಕೇಳಿದ ನನ್ನ ಓದಿದ ಗೆಳೆಯರು "ಎಂಥಾ ವೇದನೆ" ಅಂದಿದ್ದರು. ಇವರು ಶುರುವಿನ ಭಾಗವನ್ನೇ ಮೂರು ಸಲ ಹಾಕಿಸಿಕೊಂಡರು. "ಉಸ್ರು ಎಲ್ ತಕ್ಕಂಡ ಮೇಷ್ಟ್ರೆ ಇವ್ನು?" ಅಂದರು. ಆಮೇಲೆ ತಮ್ಮ ತುಟಿ ಮುಟ್ಟಿಕೊಂಡು, "ಇಂಗ್ ಊದುದ್ರೆ ಒಡ್ದೋಯ್ತದೆ ಕನಪ್ಪ" ಅಂದರು. 1930ರ ದಶಕದ ನಡುವೆ ಆರ್ಮ್‌ಸ್ಟ್ರಾಂಗ್‌ನ ತುಟಿ ನಿಜಕ್ಕೂ ಒಡೆದು, ಆತ ಕೆಲವು ತಿಂಗಳು ಟ್ರಂಪೆಟ್ ಬಾಯಿಗಿಡದೆ ಕೂತಿದ್ದ.