ಗಾಯ ಹೇಳುವ ಕಥೆ, ಮನೆಯವರು ಹೇಳುವ ಕಥೆ

"ಬಚ್ಚಲದಾಗೆ ಜಾರಿ ಬಿಸ್ನೀರಿಗೆ ಬಿದ್ದಾನ್ರಿ ಸಿಸ್ಟರ್" ಎನ್ನುತ್ತಾ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದರೆನ್ನಿ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಾಗಲಿ, ಹರಿಹರದ ತಾಲ್ಲೂಕು ಆಸ್ಪತ್ರೆಯಾಗಲಿ, ಬಟ್ಟೆ ಬಿಚ್ಚಿ ಮಗುವಿನ ಮೈ ನೋಡುವವರು ಸಾಮಾನ್ಯವಾಗಿ ನರ್ಸ್. ತಾನಾಗಿ ಬಿದ್ದ ಮಗು ಕೈಕಾಲು ಬಡಿಯುತ್ತದೆ, ನೀರು ಎರಚಾಡಿ ಗಾಯ ಅಲ್ಲಲ್ಲಿ ಚೆದುರಿರುತ್ತದೆ. ಎರಡೂ ಪಾದ ಕಾಲುಚೀಲ ತೊಟ್ಟಂತೆ ಒಂದೇ ಗೆರೆಯವರೆಗೆ ಬೆಂದಿದ್ದರೆ ಯಾರೋ ಹಿಡಿದು ಅದ್ದಿರಬಹುದು. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಗುವಿನ ತೆಳು ಚರ್ಮಕ್ಕೆ ಅಷ್ಟೂ ಬೇಕಿಲ್ಲ.

ಗಾಯಕ್ಕೂ ಮಾತಿಗೂ ತಾಳೆಯಾಗದ್ದನ್ನು ವೈದ್ಯಲೋಕ ಗಂಭೀರವಾಗಿ ನೋಡತೊಡಗಿದ್ದು 1962ರಲ್ಲಿ, ಅಮೆರಿಕದ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಏಟು ತಿಂದ ಮಕ್ಕಳ ಲಕ್ಷಣಗಳನ್ನು ಬರೆದ ಮೇಲೆ. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆಯಲ್ಲಿ ಕಂದಿದ ಗುರುತಿದ್ದರೆ ಅನುಮಾನಿಸಬೇಕು. ನಾಲ್ಕು ತಿಂಗಳು ತುಂಬದ ಕೂಸಿಗಾದರೆ ಮೈಮೇಲೆ ಎಲ್ಲೇ ಇದ್ದರೂ ಅನುಮಾನಿಸಬೇಕು. ಆಡುವ ಮಗು ಮೊಣಕಾಲು ತರಚಿಕೊಳ್ಳುತ್ತದೆ, ಕಿವಿಯನ್ನಲ್ಲ. ಹಾಗೆಂದು ನಮ್ಮ ಕೂಸುಗಳ ಕುಂಡಿಯ ಮೇಲಿನ ನೀಲಿ ಹುಟ್ಟುಮಚ್ಚೆಯನ್ನು ಏಟೆಂದು ಬರೆದರೆ ಆ ತಾಯಿಗೆ ಅನ್ಯಾಯ. ಏಟಿನ ಗುರುತು ದಿನದಿನಕ್ಕೆ ಬಣ್ಣ ಬದಲಿಸುತ್ತದೆ, ಮಚ್ಚೆ ಹಾಗೇ ಇರುತ್ತದೆ.

ನಮ್ಮ ಕಡೆಯ ತೊಡಕಿನ ಸಂಗತಿಯೆಂದರೆ ಬರೆ. ಕಾಮಾಲೆಗೆ, ಫಿಟ್ಸಿಗೆ, ನಿಲ್ಲದ ಅಳುವಿಗೆ ಕೂಸಿನ ಹೊಟ್ಟೆಗೆ ಬರೆ ಹಾಕಿಸುವ ಅಜ್ಜಿಗೆ ಮೊಮ್ಮಗುವೆಂದರೆ ಪ್ರಾಣ. ಆದರೆ ಸುಟ್ಟ ಚರ್ಮಕ್ಕೆ ಪ್ರೀತಿ ತಿಳಿಯದು. ಸೋಂಕು ತಗಲುತ್ತದೆ, ಅಸಲಿ ಕಾಯಿಲೆಗೆ ಔಷಧ ತಡವಾಗುತ್ತದೆ. ಇದನ್ನೂ ಹಿಂಸೆಯೆಂದೇ ದಾಖಲಿಸಬೇಕೆಂಬುದು ನನ್ನ ಮತ. ಅಜ್ಜಿಯನ್ನು ಮಾತ್ರ ಗದರಬಾರದು, ಮುಂದಿನ ಸಲ ಆಕೆ ಆಸ್ಪತ್ರೆಯ ಮೆಟ್ಟಿಲೇ ಹತ್ತಲಿಕ್ಕಿಲ್ಲ.

ಇನ್ನೊಂದು ಬಗೆಯ ಹಿಂಸೆಗೆ ಗಾಯವೇ ಇರುವುದಿಲ್ಲ. ಬಸುರಿ ಸೊಸೆಯ ತಾಯಿ ಕಾರ್ಡ್ ತುಂಬುವಾಗ ಅತ್ತೆ "ಹತ್ತೊಂಬತ್ತು" ಎನ್ನುತ್ತಾರೆ, ಆಧಾರ್ ಹದಿನಾರು ಎನ್ನುತ್ತದೆ, ಹುಡುಗಿ ನೆಲ ನೋಡುತ್ತಾಳೆ. ಕೊರಳಲ್ಲಿ ತಾಳಿ ಇದ್ದರೂ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಗೆ 18 ತುಂಬದವಳು ಮಗುವೇ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯಂತೆ ಆ ಮದುವೆಯೇ ಅಸಿಂಧು.

ನರ್ಸ್ ಪತ್ತೇದಾರಿಕೆಗೆ ಇಳಿಯಬೇಕಿಲ್ಲ. ಮಗು ಆಡಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಬೇಕು, ಗಾಯದ ಜಾಗ, ಅಳತೆ ನಮೂದಿಸಬೇಕು, ವೈದ್ಯರಿಗೆ ಹೇಳಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು. ಪೊಲೀಸ್ ಪತ್ರ ತನ್ನಿ ಎಂದು ಅಂಥ ಮಗುವಿನ ಚಿಕಿತ್ಸೆ ತಡೆಯುವಂತಿಲ್ಲ. ನೆರೆಮನೆಯಲ್ಲಿ ಇಂಥದ್ದು ಕಂಡರೆ ನೀವೂ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.