ಬ್ರೈಲ್ ಟೈಪಿಸ್ಟ್ ಬರೆದ ಬೆಸ್ಟ್‌ಸೆಲ್ಲರ್

‘ಡಿಗ್ರಿ ಆದ್ಮೇಲೆ ಇಷ್ಟು ದಿನ ಏನ್ ಮಾಡ್ತಿದ್ರಿ?’ ಇಂಟರ್‌ವ್ಯೂಗಳಲ್ಲಿ ಇದಕ್ಕಿಂತ ಕಿರಿಕಿರಿಯ ಪ್ರಶ್ನೆ ಇನ್ನೊಂದಿಲ್ಲ. ಬ್ರಿಟನ್ನಿನ ಕಾದಂಬರಿಕಾರ್ತಿ ಜೋಜೊ ಮೋಯ್ಸ್ ಹಳೆಯ ಕೆಲಸಗಳ ಪಟ್ಟಿ ಕೇಳಿ: ಬಾಡಿಗೆ ಕಾರುಗಳ ಕಂಟ್ರೋಲ್ ರೂಮಿನಲ್ಲಿ ಡ್ಯೂಟಿ, ಬ್ಯಾಂಕಿನ ಅಂಧ ಗ್ರಾಹಕರಿಗೆ ಬ್ರೈಲ್‌ನಲ್ಲಿ ಸ್ಟೇಟ್‌ಮೆಂಟ್ ಟೈಪಿಸುವುದು, ಪ್ರವಾಸ ಕಂಪನಿಗೆ ಬ್ರೋಷರ್ ಬರೆಯುವುದು. ಎಂ.ಎ. ಮುಗಿಸಿ, ಟ್ಯೂಷನ್ ಹೇಳುತ್ತಾ ಅರ್ಜಿ ಹಾಕುತ್ತಿರುವ ನನಗೆ ಇದನ್ನು ಓದಿ ಎಂಥದೋ ಸಮಾಧಾನ.

ಪತ್ರಿಕೋದ್ಯಮ ಓದಲು ಅವರಿಗೆ 1992ರಲ್ಲಿ ದುಡ್ಡು ಕೊಟ್ಟಿದ್ದು ‘ದಿ ಇಂಡಿಪೆಂಡೆಂಟ್’ ಪತ್ರಿಕೆ. ಲಂಡನ್ನಿನ ಸಿಟಿ ಯೂನಿವರ್ಸಿಟಿಯಲ್ಲಿ ಕೋರ್ಸ್. ಸಾಧಕರ ಕಥೆ ಹೇಳುವವರು ಇಂಥ ವಿವರಗಳನ್ನು ಮೆಲ್ಲಗೆ ಹಾರಿಸಿಬಿಡುತ್ತಾರೆ. ಛಲ ಅವರದೇ ಇರಬಹುದು, ಫೀಸು ಮಾತ್ರ ಪತ್ರಿಕೆಯದು! ಮುಂದೆ ಅದೇ ಪತ್ರಿಕೆಯಲ್ಲಿ ಸುಮಾರು ಹತ್ತು ವರ್ಷ ದುಡಿದರು. ನಡುವೆ ಒಂದು ವರ್ಷ ಹಾಂಗ್‌ಕಾಂಗ್‌ನಲ್ಲಿ.

ಕೆಲಸದ ಜೊತೆಜೊತೆಗೇ ಮೂರು ಕಾದಂಬರಿ ಬರೆದರು. ಮೂರೂ ವಾಪಸ್. ಕಂಕುಳಲ್ಲೊಂದು ಮಗು, ಹೊಟ್ಟೆಯಲ್ಲೊಂದು. ನಾಲ್ಕನೆಯದೂ ತಿರಸ್ಕೃತವಾದರೆ ಬರವಣಿಗೆಗೇ ಕೈಮುಗಿಯುವುದು ಎಂದು ತೀರ್ಮಾನಿಸಿ ಮೊದಲ ಮೂರು ಅಧ್ಯಾಯ ಕಳಿಸಿದರೆ, ಆರು ಪ್ರಕಾಶಕರು ಪೈಪೋಟಿಗೆ ಬಿದ್ದರು. 2002ರಲ್ಲಿ ‘ಶೆಲ್ಟರಿಂಗ್ ರೇನ್’ ಬಂತು. ಪತ್ರಿಕೆಯ ಕೆಲಸ ಬಿಟ್ಟರು.

ಸಿನಿಮಾ ಆಗಿದ್ದರೆ ಇಲ್ಲಿಗೇ ಶುಭಂ. ಆದರೆ ನಿಜವಾದ ಪರೀಕ್ಷೆ ಶುರುವಾಗಿದ್ದೇ ಈಗ. ಎಂಟು ಕಾದಂಬರಿ ಬಂದರೂ, ಪ್ರಶಸ್ತಿ ಬಂದರೂ, ಅವರ ಹೆಸರು ಮನೆಮಾತಾಗಲಿಲ್ಲ. ಒಂಬತ್ತನೆಯದನ್ನು ಬರೆಯುವಾಗ ಕೈಯಲ್ಲಿ ಪ್ರಕಾಶಕರ ಒಪ್ಪಂದವೇ ಇರಲಿಲ್ಲ. ಬೆನ್ನಿಗಿದ್ದದ್ದು ಒಂದು ಸುದ್ದಿ: ಮೈ ಸ್ವಾಧೀನ ತಪ್ಪಿದ ಯುವ ರಗ್ಬಿ ಆಟಗಾರನೊಬ್ಬ ತನಗೆ ಸಾವು ಬೇಕೆಂದು ಹೆತ್ತವರನ್ನು ಒಪ್ಪಿಸಿದ್ದು. ಹೆತ್ತವರು ಹೇಗೆ ಒಪ್ಪಿದರು? ಸುದ್ದಿ ಅಷ್ಟಕ್ಕೇ ಮುಗಿಯುತ್ತದೆ. ಪತ್ರಕರ್ತೆಯ ಕುತೂಹಲ ಮುಗಿಯಲಿಲ್ಲ. 2012ರಲ್ಲಿ ಬಂದ ಆ ‘ಮೀ ಬಿಫೋರ್ ಯೂ’ ಲಕ್ಷಗಟ್ಟಲೆ ಮಾರಾಟವಾಯಿತು. 2016ರ ಸಿನಿಮಾಕ್ಕೂ ಅವರದೇ ಚಿತ್ರಕಥೆ.

ಸಿನಿಮಾ ಬಂದಾಗ ಅಂಗವಿಕಲರ ಪರ ಹೋರಾಟಗಾರರು ಪ್ರತಿಭಟಿಸಿದ್ದರು. ಗಾಲಿಕುರ್ಚಿಯ ಬದುಕಿಗಿಂತ ಸಾವೇ ಮೇಲು ಎನ್ನುವಂತಿದೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯವಿದೆ ಅನ್ನಿಸುತ್ತದೆ. ಹಾಗಿದ್ದೂ ಪುಸ್ತಕ ಕೆಳಗಿಡಲಾಗಲಿಲ್ಲ. ಹಿಡಿದಿಟ್ಟಿದ್ದು ಪ್ರೇಮಕಥೆಯಲ್ಲ, ಶುರುವಿನ ಪುಟಗಳು. ಕೆಫೆಯ ಕೆಲಸ ಕಳೆದುಕೊಂಡ ನಾಯಕಿ ಲೂ ಉದ್ಯೋಗ ಕೇಂದ್ರಕ್ಕೆ ಎಡತಾಕುತ್ತಾಳೆ, ಕೋಳಿ ಫ್ಯಾಕ್ಟರಿಗೂ ಹೋಗಿಬರುತ್ತಾಳೆ. ಅವಳ ಸಂಬಳವನ್ನೇ ನೆಚ್ಚಿಕೊಂಡ ಮನೆಯವರು ಪ್ರತಿ ಸಂಜೆ ಅವಳ ಮುಖ ನೋಡುತ್ತಾರೆ. ಏನಾಯ್ತು ಎಂದು ಕೇಳುವುದಕ್ಕೂ ಮೊದಲಿನ ಆ ನೋಟ ಇದೆಯಲ್ಲ, ಅದು ನಮ್ಮನೆಯದೂ ಹೌದು.