ಹಡಗು ಹೊರಡುವ ಮೊದಲೇ ಪರವಾನಗಿ



ಕೊಂಡಾಪುರದ ಕನ್ನಡಿಗರೆಂದರೆ ಎಲ್ಲರೂ ಸಾಫ್ಟ್‌ವೇರ್‌ನವರೇ ಎಂದುಕೊಳ್ಳುವವರಿದ್ದಾರೆ. ಆದರೆ ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಎದ್ದು ಹೋಗುವುದು ಪಟಾನ್‌ಚೆರು, ಬೊಲ್ಲಾರಂ, ಜೀಡಿಮೆಟ್ಲದ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆ. ಅಲ್ಲಿಗೆ ಹೊರದೇಶದಿಂದಲೂ ಕಚ್ಚಾ ಮಾಲು ಬರುತ್ತದೆ. ಅದನ್ನು ತರಿಸುವಾಗ ಇಷ್ಟೊಂದು ಕಾಗದಪತ್ರ ಏಕೆ ಎಂದು ಬೇಸರಪಡುವವರಿಗಾಗಿ ಈ ಸಲದ ಮಾಹಿತಿ.

2015ರಲ್ಲಿ ಚೆನ್ನೈ ಬಂದರಿಗೆ ದಕ್ಷಿಣ ಕೊರಿಯಾದಿಂದ 37 ಕಂಟೇನರ್‌ಗಳಲ್ಲಿ ಸುಮಾರು 740 ಟನ್ ಅಮೋನಿಯಂ ನೈಟ್ರೇಟ್ ಬಂತು. ಕಾಗದದಲ್ಲಿ ಅದು ಗೊಬ್ಬರದ ದರ್ಜೆಯದು. ಅಲ್ಲ, ಇದು ಸ್ಫೋಟಕ ದರ್ಜೆಯದು, ತರಿಸಿದವರ ಪರವಾನಗಿ ಇದಕ್ಕೆ ಹೊಂದುವುದಿಲ್ಲ ಎಂದು ಕಸ್ಟಮ್ಸ್ ಇಲಾಖೆ ಮಾಲನ್ನು ಜಪ್ತಿ ಮಾಡಿತು. ಆ ವರ್ಷದ ಕೊನೆಯ ಮಳೆಯಲ್ಲಿ ಒಂದಿಷ್ಟು ಹಾಳಾಯಿತು. ಉಳಿದ 697 ಟನ್ ಚೆನ್ನೈ ಹೊರವಲಯದ ಮಣಲಿಯ ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತಿತ್ತು.

2020ರ ಆಗಸ್ಟ್ 4ರಂದು ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಹೀಗೆಯೇ ಕೂಡಿಟ್ಟಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಚೆನ್ನೈಯಲ್ಲೂ ಎಲ್ಲರಿಗೂ ಎಚ್ಚರವಾಯಿತು. ಇ-ಹರಾಜಿನಲ್ಲಿ ಮಾರಾಟವಾದ ಆ ಕಂಟೇನರ್‌ಗಳು ಕೆಲವೇ ದಿನಗಳಲ್ಲಿ ಹೊರಟದ್ದು ಎಲ್ಲಿಗೆ ಗೊತ್ತೇ? ನಮ್ಮ ಹೈದರಾಬಾದಿಗೆ, ಇಲ್ಲಿನ ಸ್ಫೋಟಕ ತಯಾರಕರೊಬ್ಬರ ಬಳಿಗೆ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ವಿಷಯವೊಂದಿದೆ. ಈ ರಾಸಾಯನಿಕ ಬೆಳೆಗೆ ಸಾರಜನಕ ಕೊಡುತ್ತದೆ. ಅದೇ ಪದಾರ್ಥ ಇಂಧನ ತೈಲದ ಜೊತೆ ಸೇರಿದರೆ ಕಲ್ಲುಕ್ವಾರಿಯ ಬಂಡೆಯನ್ನು ಒಡೆಯುತ್ತದೆ. ಆದ್ದರಿಂದ ಕಾನೂನು ಹೆಸರನ್ನಷ್ಟೇ ನೋಡುವುದಿಲ್ಲ, ಪ್ರಮಾಣವನ್ನೂ ಬಳಕೆಯನ್ನೂ ನೋಡುತ್ತದೆ. 2012ರ ಅಮೋನಿಯಂ ನೈಟ್ರೇಟ್ ನಿಯಮಗಳ ಪ್ರಕಾರ, ತೂಕದಲ್ಲಿ ಶೇ. 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣವೂ ಈ ಕಟ್ಟಿಗೆ ಒಳಪಡುತ್ತದೆ; ಅದನ್ನು ಬೇರ್ಪಡಿಸಲಾಗದ ಗೊಬ್ಬರಗಳಿಗೆ ವಿನಾಯಿತಿ ಇದೆ. ಆಮದಿಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೋ ಸಂಸ್ಥೆಯ ಪರವಾನಗಿ ಬೇಕು. ಬೈರೂತ್ ದುರಂತದ ನಂತರ, 2021ರಲ್ಲಿ, ಈ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿ, ಜಪ್ತಿಯಾದ ಮಾಲನ್ನು ಬೇಗ ಹರಾಜು ಹಾಕಲು ದಾರಿ ಮಾಡಲಾಯಿತು.

ಔಷಧ ಕಾರ್ಖಾನೆಯವರಿಗೆ ಹೆಚ್ಚು ಪರಿಚಿತವಾದದ್ದು ಅಸಿಟಿಕ್ ಅನ್‌ಹೈಡ್ರೈಡ್. ಆಸ್ಪಿರಿನ್ ಮಾಡಲು ಅದು ಬೇಕು. ಹೆರಾಯಿನ್ ಮಾಡುವ ಕಳ್ಳರಿಗೂ ಅದೇ ಬೇಕು. ಹಾಗಾಗಿ 1985ರ ಮಾದಕ ದ್ರವ್ಯ ಕಾಯ್ದೆಯಡಿ 2013ರ ಆದೇಶವೊಂದು ಅದನ್ನು ಹಿಡಿತದಲ್ಲಿಟ್ಟಿದೆ. ಅದರ ವ್ಯವಹಾರಕ್ಕೆ ನಾರ್ಕೋಟಿಕ್ಸ್ ಕಂಟ್ರೋಲ್ ಬ್ಯೂರೋದಲ್ಲಿ ನೋಂದಣಿ, ಆಮದಿಗೆ ಗ್ವಾಲಿಯರ್‌ನ ನಾರ್ಕೋಟಿಕ್ಸ್ ಕಮಿಷನರ್ ಅವರ ನಿರಾಕ್ಷೇಪಣಾ ಪತ್ರ ಅಗತ್ಯ.

ಇದಲ್ಲದೆ, ಭೋಪಾಲ್ ದುರಂತದ ಬಳಿಕ 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮವೂ ಇದೆ. ಮಾಲು ಬರುವ 30 ದಿನ ಮುಂಚೆ, ಅದಾಗದಿದ್ದರೆ ಆಮದಿನ ದಿನ ಮೀರದಂತೆ, ಎಷ್ಟು ಮಾಲು, ಯಾವ ಬಂದರು, ಹೇಗೆ ಸಾಗಣೆ, ಯಾರು ಪಡೆಯುವವರು ಎಂಬುದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಸುರಕ್ಷತಾ ಮಾಹಿತಿಯನ್ನೂ ಕೊಡಬೇಕು.

ಹಾಗಾದರೆ ನೀವು ಮಾಡಬೇಕಾದದ್ದೇನು? ಆರ್ಡರ್ ಹಾಕುವ ಮುಂಚೆಯೇ ನಿಮ್ಮ ಮಾಲು ಯಾವ ಕಾನೂನಿನಡಿ ಬರುತ್ತದೆ ಎಂದು ನೋಡಿ. ಪರವಾನಗಿ ಕೈಸೇರಿದ ಮೇಲೆಯೇ ಮಾಲು ಹಡಗು ಹತ್ತಲಿ. ಬಿಲ್ಲಿನಲ್ಲಿ, ಸುರಕ್ಷತಾ ಪತ್ರದಲ್ಲಿ, ಪರವಾನಗಿಯಲ್ಲಿ ಇರುವ ಹೆಸರು, ದರ್ಜೆ, ಪ್ರಮಾಣ ಮೂರೂ ಒಂದೇ ಆಗಿರಲಿ. "ಎಲ್ಲಾ ನಾವು ನೋಡ್ಕೋತೀವಿ ಸಾರ್" ಎಂದು ಏಜೆಂಟರು ಹೇಳಬಹುದು. ಆದರೆ ಆಮದುದಾರನ ಹೊಣೆ ಏಜೆಂಟರ ಹೆಗಲಿಗೆ ಜಾರುವುದಿಲ್ಲ.

ದರ್ಜೆಯ ತಕರಾರೊಂದು ಮಾಲಕರಿಗೆ ನಷ್ಟ ತಂದು ಮುಗಿಯಲಿಲ್ಲ. ಆ 697 ಟನ್ ಐದು ವರ್ಷ ಬಿದ್ದಿದ್ದ ಗೋದಾಮಿನಲ್ಲಿ ಮೂಟೆ ಹೊರುವವರು, ಲಾರಿ ಓಡಿಸುವವರು ದಿನವೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದರು. ಮುಂದಿನ ಸಲ ನಿಮ್ಮ ಮೇಜಿಗೆ ಆಮದಿನ ಫೈಲು ಬಂದಾಗ ಅವರನ್ನೊಮ್ಮೆ ನೆನೆದು ಸಹಿ ಹಾಕಿ.